ಹಗೇವಿನ ಕಾಳು, ಬಿತ್ತನೆಯ ಬೀಜ

ಜಮೀನಿನ ಖರೀದಿ ಪತ್ರದಲ್ಲಿ ಬೆಲೆಯ ಅಂಕಿಗಿಂತಲೂ ಎಚ್ಚರದಿಂದ ಓದಬೇಕಾದ ಭಾಗವೊಂದಿದೆ. ಅದು ಚೆಕ್ಕುಬಂದಿ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿ ದಾರಿ, ದಕ್ಷಿಣಕ್ಕೆ ಗಾಯರಾಣ ಎಂದು ನಾಲ್ಕು ದಿಕ್ಕುಗಳನ್ನು ಹೇಳಿ ಮುಗಿಸಿದ ಮೇಲೆಯೇ ಒಳಗಿನ ನೆಲ ಒಂದು ಸ್ವತ್ತು ಎನಿಸಿಕೊಳ್ಳುತ್ತದೆ. ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ದಸ್ತಾವೇಜುಗಳಲ್ಲಿ ಇದನ್ನೇ ಚತುಃಸೀಮಾ ಎಂದು ಬರೆಯುತ್ತಾರೆ. ಸರ್ವೆ ನಂಬರಿನಲ್ಲೋ ಎಕರೆ-ಗುಂಟೆಯಲ್ಲೋ ತಪ್ಪು ನುಸುಳಿದ್ದರೂ ಚೆಕ್ಕುಬಂದಿ ಸ್ಪಷ್ಟವಾಗಿದ್ದರೆ ನ್ಯಾಯಾಲಯ ಅದಕ್ಕೆ ಹೆಚ್ಚಿನ ಬೆಲೆ ಕೊಡುವುದು ವಾಡಿಕೆ. ಸೀಮೆಯೇ ತಿಳಿಯದಿದ್ದರೆ ಮಾತ್ರ ಯಾವ ವಾದವೂ ಮುಂದಕ್ಕೆ ಸಾಗದು.

ವಿಜ್ಞಾನದಲ್ಲಿಯೂ ಒಂದು ಶಾಸ್ತ್ರ ಹೀಗೆಯೇ ಚೆಕ್ಕುಬಂದಿಯಿಂದ ಆರಂಭವಾಗುತ್ತದೆ. ಅದು ಉಷ್ಣಗತಿಶಾಸ್ತ್ರ. ಉಗಿಯಂತ್ರದ ಕಾಲದಲ್ಲಿ, ಬೆಂಕಿಯಿಂದ ಎಷ್ಟು ಕೆಲಸ ತೆಗೆಯಬಹುದು ಎಂಬ ಪ್ರಶ್ನೆಯೊಂದಿಗೆ ಅದು ಹುಟ್ಟಿತು. 1824ರಲ್ಲಿ ಫ್ರಾನ್ಸಿನ ಸಾದಿ ಕಾರ್ನೊ ಆ ಪ್ರಶ್ನೆಯನ್ನು ಪುಸ್ತಕರೂಪದಲ್ಲಿ ಮುಂದಿಟ್ಟನು. ವಿಚಾರಣೆಗೆ ತೆಗೆದುಕೊಂಡ ಭಾಗಕ್ಕೆ ಈ ಶಾಸ್ತ್ರ ‘ವ್ಯವಸ್ಥೆ’ ಎಂದು ಹೆಸರಿಡುತ್ತದೆ; ಅದರ ಹೊರಗೆ ಉಳಿದದ್ದೆಲ್ಲ ‘ಪರಿಸರ’; ಎರಡರ ನಡುವಿನದು ‘ಸೀಮೆ’. ಸೀಮೆಯು ತಾಮ್ರದ ಗೋಡೆಯಾಗಿರಬಹುದು, ಮಣ್ಣಿನ ಗೋಡೆಯಾಗಿರಬಹುದು, ಬರಿಯ ಕಲ್ಪನೆಯ ಗೆರೆಯೂ ಆಗಿರಬಹುದು. ಎಲ್ಲಿ ಎಳೆಯಬೇಕೆಂಬುದು ಎಳೆಯುವವನಿಗೆ ಬಿಟ್ಟದ್ದು. ಆದರೆ ಒಮ್ಮೆ ಎಳೆದ ಮೇಲೆ ಲೆಕ್ಕವನ್ನು ಅದೇ ಗೆರೆಯೊಳಗೆ ಒಪ್ಪಿಸಬೇಕು. ನಡುವೆ ಗೆರೆಯನ್ನು ಸರಿಸುವಂತಿಲ್ಲ.

ಆಮೇಲಿನ ಪ್ರಶ್ನೆ ಒಂದೇ: ಈ ಸೀಮೆಯನ್ನು ಏನೇನು ದಾಟಬಲ್ಲದು? ದ್ರವ್ಯವೂ ಶಕ್ತಿಯೂ ದಾಟುವುದಾದರೆ ಅದು ತೆರೆದ ವ್ಯವಸ್ಥೆ. ದ್ರವ್ಯ ದಾಟದೆ ಶಕ್ತಿ ಮಾತ್ರ, ಅಂದರೆ ಉಷ್ಣವೋ ಕೆಲಸವೋ ಮಾತ್ರ, ದಾಟುವುದಾದರೆ ಅದು ಮುಚ್ಚಿದ ವ್ಯವಸ್ಥೆ. ಎರಡೂ ದಾಟದಿದ್ದರೆ ಅದು ಪ್ರತ್ಯೇಕಿತ ವ್ಯವಸ್ಥೆ. ಮುಚ್ಚಿದ್ದಕ್ಕೂ ಪ್ರತ್ಯೇಕಿತವಾದದ್ದಕ್ಕೂ ಇರುವ ವ್ಯತ್ಯಾಸವನ್ನು ಆಡುಮಾತು ಗಮನಿಸುವುದಿಲ್ಲ. ಬಾಗಿಲು ಹಾಕಿದ ಮೇಲೆ ಎಲ್ಲವೂ ನಿಂತಿತೆಂದು ಜನ ತಿಳಿಯುತ್ತಾರೆ. ಬಾಗಿಲು ಹಾಕಿದರೂ ಗೋಡೆ ಕಾಯುತ್ತದೆ, ಒಳಗಿನವರು ಬೆವರುತ್ತಾರೆ ಎಂಬುದನ್ನು ಈ ಶಾಸ್ತ್ರ ನೆನಪಿಸುತ್ತದೆ.

ಮರಾಠವಾಡದ ಈ ಅಂಚಿನಲ್ಲಿ ಇವನ್ನು ಅರಿಯಲು ಪ್ರಯೋಗಾಲಯ ಬೇಕಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಪಡಸಾಲೆಯ ಮೂಲೆಯಲ್ಲಿ ಒದ್ದೆ ಮರಳಿನ ಮೇಲೆ ಕುಳಿತ ಮಣ್ಣಿನ ಹರವಿಯೇ ತೆರೆದ ವ್ಯವಸ್ಥೆಯ ಪಾಠ ಹೇಳುತ್ತದೆ. ಹೊರಗೆ ನಲವತ್ತು ಡಿಗ್ರಿ ದಾಟಿದ ಬಿಸಿಲು; ಹರವಿಯ ನೀರು ಮಾತ್ರ ತಂಪು. ಸುಟ್ಟ ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಹೊರಮೈಗೆ ಒಸರುತ್ತದೆ, ಒಣ ಗಾಳಿ ಅದನ್ನು ಆವಿಯಾಗಿ ಒಯ್ಯುತ್ತದೆ, ಒಯ್ಯುವಾಗ ಉಳಿದ ನೀರಿನ ಉಷ್ಣವನ್ನೂ ಕಸಿದುಕೊಳ್ಳುತ್ತದೆ. ಒಂದು ಕಿಲೋಗ್ರಾಂ ನೀರು ಆವಿಯಾಗಲು ಆ ತಾಪದಲ್ಲಿ ಸುಮಾರು 2400 ಕಿಲೋಜೂಲ್ ಉಷ್ಣ ಬೇಕು. ಹಾಗಾದರೆ ಹತ್ತು ಲೀಟರಿನ ಹರವಿಯಿಂದ ಬರೀ ನೂರು ಮಿಲಿಲೀಟರ್ ಆವಿಯಾದರೂ ಉಳಿದ ನೀರು ಐದಾರು ಡಿಗ್ರಿಯಷ್ಟು ತಣಿಯಬಲ್ಲದು. ಗಾಳಿಯಿಂದ ಅಷ್ಟರಲ್ಲೇ ಒಂದಿಷ್ಟು ಉಷ್ಣ ಮರಳಿ ಬರುವುದರಿಂದ ನಿಜದಲ್ಲಿ ಇಳಿಕೆ ಸ್ವಲ್ಪ ಕಡಿಮೆ. ಸ್ಟೀಲಿನ ಕೊಡದಲ್ಲಿ ನೀರು ಸೋರುವುದಿಲ್ಲ, ಆದುದರಿಂದಲೇ ತಂಪಾಗುವುದೂ ಇಲ್ಲ. ಹರವಿ ತನ್ನದನ್ನು ತುಸು ಕಳೆದುಕೊಂಡು ಉಳಿದದ್ದನ್ನು ಕುಡಿಯಲು ಯೋಗ್ಯವಾಗಿಸುತ್ತದೆ.

ಬೆಲ್ಲದ ಗಾಣದಲ್ಲಿ ಇದೇ ಮಾತು ಇನ್ನೂ ದೊಡ್ಡದಾಗಿ ಕಾಣುತ್ತದೆ. ಕಬ್ಬಿನ ಹಾಲಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ. ಅಗಲವಾದ ಕಡಾಯಿಯ ಕೆಳಗೆ ಹಿಂಡಿದ ಸಿಪ್ಪೆಯ ಬೆಂಕಿ. ಮೇಲೆ ಬಾಯಿ ಪೂರ್ತಿ ತೆರೆದ ಕುದಿತ. ಮೂವತ್ತು ಡಿಗ್ರಿಯ ಒಂದು ಕಿಲೋಗ್ರಾಂ ನೀರನ್ನು ನೂರಕ್ಕೆ ಏರಿಸಲು 293 ಕಿಲೋಜೂಲ್ ಸಾಕು. ಅದನ್ನು ಆವಿಯಾಗಿಸಲು 2257 ಕಿಲೋಜೂಲ್ ಬೇಕು, ಅಂದರೆ ಸುಮಾರು ಎಂಟು ಪಟ್ಟು. ಗಾಣದ ಬೆಂಕಿಯ ಬಹುಭಾಗ ಹಾಲನ್ನು ಕಾಯಿಸುವುದಕ್ಕಲ್ಲ, ನೀರನ್ನು ಹೊರಗೆ ಕಳಿಸುವುದಕ್ಕೇ ವೆಚ್ಚವಾಗುತ್ತದೆ. ನೀರು ಹೋದಷ್ಟೂ ಪಾಕ ದಪ್ಪವಾಗಿ ಕುದಿಯುವ ತಾಪ ಏರುತ್ತದೆ. 118 ಡಿಗ್ರಿಯ ಆಸುಪಾಸಿನಲ್ಲಿ ಹದ ಬರುತ್ತದೆ. ಆವಿ ಹೊರಗೆ ಹೋಗದಂತೆ ಕಡಾಯಿಯ ಬಾಯಿ ಬಿಗಿದು ಎಷ್ಟು ಹೊತ್ತು ಉರಿ ಹಾಕಿದರೂ ಬೆಲ್ಲವಾಗದು, ಒಳಗಿನ ಒತ್ತಡ ಮಾತ್ರ ಹೆಚ್ಚೀತು.

ಒತ್ತಡವೂ ಕೆಲವೊಮ್ಮೆ ಬೇಕಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು ಆರುನೂರು ಮೀಟರ್ ಎತ್ತರದ ಈ ಪ್ರಸ್ಥಭೂಮಿಯಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಯಲ್ಲೇ ಕುದಿದುಬಿಡುತ್ತದೆ. ತೊಗರಿಬೇಳೆ ಬೇಗ ಬೇಯುವುದಿಲ್ಲ. ಕುಕ್ಕರಿನ ಮುಚ್ಚಳ ಬಿಗಿದರೆ ಒಳಗಿನ ಒತ್ತಡ ಹೊರಗಿನದರ ಎರಡು ಪಟ್ಟಿನಷ್ಟಾಗಿ ತಾಪ 120 ಡಿಗ್ರಿಗೆ ಏರುತ್ತದೆ. ಸೀಟಿ ಹೊಡೆಯುವವರೆಗೆ ಅದು ಮುಚ್ಚಿದ ವ್ಯವಸ್ಥೆ: ಒಲೆಯ ಉಷ್ಣ ಒಳಗೆ ಹೋಗುತ್ತದೆ, ಒಳಗಿನ ಆವಿ ಹೊರಗೆ ಬರುವುದಿಲ್ಲ. ಸೀಟಿ ಹೊಡೆದ ಕ್ಷಣ ಅದು ತೆರೆದ ವ್ಯವಸ್ಥೆ. ಅಡುಗೆಮನೆಯಲ್ಲಿ ನಿಂತವರು ದಿನಕ್ಕೆರಡು ಸಲ ಈ ದಾಟುವಿಕೆಯನ್ನು ಕಿವಿಯಿಂದಲೇ ಎಣಿಸುತ್ತಾರೆ. ಆ ಸೀಟಿಯ ದಾರಿಯನ್ನು ಕಟ್ಟಿದರೆ ಏನಾದೀತೆಂದು ಯಾರಿಗೂ ಹೇಳಿಕೊಡಬೇಕಿಲ್ಲ.

ಮೂರನೆಯದಾದ ಪ್ರತ್ಯೇಕಿತ ವ್ಯವಸ್ಥೆಗೆ ಪೂರ್ಣ ಉದಾಹರಣೆ ಮನೆಯಲ್ಲಿ ಸಿಗದು. ಸಮೀಪದ್ದೆಂದರೆ ಚಹಾದ ಥರ್ಮಾಸ್. 1892ರಲ್ಲಿ ಜೇಮ್ಸ್ ಡ್ಯೂವರ್ ಎರಡು ಗೋಡೆಗಳ ನಡುವಿನ ಗಾಳಿಯನ್ನು ತೆಗೆದು ಈ ಪಾತ್ರೆಯನ್ನು ರೂಪಿಸಿದನು. ಅವನು ಅದಕ್ಕೆ ಪೇಟೆಂಟ್ ಪಡೆದಿರಲಿಲ್ಲ; ಆದಕಾರಣ ಅದನ್ನು ವ್ಯಾಪಾರಕ್ಕಿಟ್ಟವರ ಮೇಲೆ ಅವನ ಹಕ್ಕು ನಿಲ್ಲಲಿಲ್ಲ. ಉಷ್ಣ ಹೊರಗೆ ಸೋರದಂತೆ ಪಾತ್ರೆಗೆ ಎರಡು ಗೋಡೆ ಕಟ್ಟಿದವನು ತನ್ನ ಹಕ್ಕಿಗೆ ಒಂದು ಗೋಡೆಯನ್ನೂ ಕಟ್ಟಲಿಲ್ಲ. ಅದು ಹಾಗಿರಲಿ, ಎಷ್ಟೇ ಒಳ್ಳೆಯ ಥರ್ಮಾಸಿನಲ್ಲೂ ಬೆಳಗಿನ ಚಹಾ ಮರುದಿನಕ್ಕೆ ಆರಿರುತ್ತದೆ. ಪ್ರತ್ಯೇಕಿತವೆಂಬುದು ಪುಸ್ತಕದಲ್ಲಿ ಉಂಟು, ಊರಿನಲ್ಲಿ ಇಲ್ಲ.

ಮುಚ್ಚಿದ ವ್ಯವಸ್ಥೆಗೆ ಈ ನೆಲದ ಅತ್ಯಂತ ಹಳೆಯ ಮತ್ತು ಗಂಭೀರವಾದ ಉದಾಹರಣೆ ಹಗೇವು. ಮರಾಠಿಯಲ್ಲಿ ಪೇವ. ನೀರು ನಿಲ್ಲದ ಎತ್ತರದ ಗಟ್ಟಿ ನೆಲವನ್ನು ಆರಿಸಿ, ಮನುಷ್ಯನೊಬ್ಬ ಇಳಿಯುವಷ್ಟೇ ಬಾಯಿ ಬಿಟ್ಟು, ಒಳಗೆ ಹೊಟ್ಟೆಯಂತೆ ಅಗಲಿಸಿ ತೋಡಿದ ಕುಳಿ. ಒಳಗೆ ಬೆಂಕಿ ಹಾಕಿ ತೇವ ಹೀರಿಸಿ, ಗೋಡೆಗೂ ತಳಕ್ಕೂ ಜೋಳದ ಕಣಿಕೆ, ಹೊಟ್ಟು ಹಾಸಿ, ಒಣಗಿದ ಜೋಳ ಸುರಿದು, ಬಾಯಿಗೆ ಚಪ್ಪಡಿ ಹಾಕಿ ಮಣ್ಣು ಮೆತ್ತುತ್ತಿದ್ದರು. ಮೇಲೆ ಬಂಡಿ ಹಾಯ್ದರೂ ಕೆಳಗೆ ಕಾಳಿದೆಯೆಂದು ಅಪರಿಚಿತರಿಗೆ ತಿಳಿಯುತ್ತಿರಲಿಲ್ಲ. ಬರಗಾಲದ ನಾಡಿನಲ್ಲಿ ಒಂದು ಒಳ್ಳೆಯ ವರ್ಷವನ್ನು ನಾಲ್ಕಾರು ಕೆಟ್ಟ ವರ್ಷಗಳಿಗೆ ಹಂಚುವ ಉಪಾಯವಿದು. ಮರಾಠಿಯಲ್ಲಿ ಯಾವುದಾದರೂ ಒಮ್ಮೆಲೇ ಎಲ್ಲೆಲ್ಲೂ ತುಂಬಿಕೊಂಡರೆ ‘ಪೇವ ಫುಟಣೆ’ ಎನ್ನುತ್ತಾರೆ. ಹಗೇವಿನ ಬಾಯಿ ತೆರೆದು ಕಾಳು ಹೊರಬೀಳುವುದನ್ನು ಕಂಡವರ ಮಾತು ಅದು. ಇಂದು ಹಗೇವು ಬಹುಮಟ್ಟಿಗೆ ಮರೆಯಾಗಿದೆ, ಮಾತು ಉಳಿದಿದೆ.

ಚಪ್ಪಡಿ ಮುಚ್ಚಿದ ಮೇಲೆ ಒಳಗೆ ಏನು ನಡೆಯುತ್ತದೆ? ಕಾಳು ಸತ್ತ ವಸ್ತುವಲ್ಲ, ಉಸಿರಾಡುತ್ತದೆ. ತನ್ನಲ್ಲಿರುವ ಪಿಷ್ಟವನ್ನು ಬಹು ನಿಧಾನವಾಗಿ ಉರಿಸಿ, ಗಾಳಿಯ ಆಮ್ಲಜನಕವನ್ನು ಬಳಸಿ, ಇಂಗಾಲದ ಡೈಆಕ್ಸೈಡ್, ನೀರಾವಿ ಮತ್ತು ಉಷ್ಣವನ್ನು ಹೊರಬಿಡುತ್ತದೆ. ಕಾಳಿನೊಡನೆ ಸಿಕ್ಕಿಬಿದ್ದ ಹುಳಗಳೂ ಅದನ್ನೇ ಮಾಡುತ್ತವೆ. ಹೊರಗಿನ ಗಾಳಿ ಬರುವಂತಿಲ್ಲ. 21 ಪ್ರತಿಶತ ಇದ್ದ ಆಮ್ಲಜನಕ ಇಳಿಯುತ್ತ ಹೋಗಿ ಕೆಲವೇ ಪ್ರತಿಶತಕ್ಕೆ ಬಂದಾಗ ಹುಳಗಳು ಸಾಯುತ್ತವೆ, ಕಾಳಿನ ಉಸಿರೂ ಮಂದವಾಗುತ್ತದೆ. ಔಷಧಿಯಿಲ್ಲದೆ ಕೀಟನಾಶವಾಗುವುದು ಹೀಗೆ. ಒಳಗಿನ ಒಟ್ಟು ತೂಕ ಮಾತ್ರ ಬದಲಾಗಿಲ್ಲ: ಕಾಳು ಕಳೆದುಕೊಂಡದ್ದು ಅನಿಲವಾಗಿ, ತೇವವಾಗಿ ಒಳಗೇ ಇದೆ. ಉಷ್ಣವೊಂದು ಗೋಡೆಯ ಮಣ್ಣನ್ನು ದಾಟಿ ನೆಲಕ್ಕೆ ಇಳಿದಿದೆ. ದ್ರವ್ಯ ದಾಟಲಿಲ್ಲ, ಶಕ್ತಿ ದಾಟಿತು ಎಂಬ ಪಠ್ಯಪುಸ್ತಕದ ವಾಕ್ಯ ಅಕ್ಷರಶಃ ನೆಲದೊಳಗೆ ನಡೆದಿದೆ. ಮಣ್ಣಿನ ಗೋಡೆ ಗಾಜಿನದಲ್ಲವಾದ್ದರಿಂದ ಅಂಚಿನಲ್ಲಿ ತುಸು ತೇವ ಬರುವುದೂ, ಗೋಡೆಯ ಮಗ್ಗುಲಿನ ಕಾಳು ಕಪ್ಪಾಗಿ ವಾಸನೆ ಹಿಡಿಯುವುದೂ ಉಂಟು. ಹಗೇವಿನ ಜೋಳದ ರೊಟ್ಟಿಗೆ ಒಂದು ಬೇರೆಯೇ ಘಾಟು ಇರುತ್ತಿತ್ತೆಂದು ಹಿರಿಯರು ಹೇಳುವುದು ಅದಕ್ಕೇ.

ಹಗೇವಿನ ಅಪಾಯ ಅದನ್ನು ತೆರೆಯುವಾಗಿನದು. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ತಳದಲ್ಲಿ ಕುಳಿತುಬಿಡುತ್ತದೆ. ಚಪ್ಪಡಿ ಸರಿಸಿದ ಕೂಡಲೇ ಇಳಿದವರು ಹಗ್ಗ ಜಗ್ಗಲೂ ಶಕ್ತಿಯಿಲ್ಲದೆ ಕುಸಿದಿದ್ದಾರೆ, ಅವರನ್ನು ಎತ್ತಲು ಇಳಿದವರೂ ಮೇಲೆ ಬಂದಿಲ್ಲ. ಆದುದರಿಂದ ತೆರೆಯುವುದಕ್ಕೊಂದು ಶಿಸ್ತು ಬೆಳೆದಿತ್ತು. ಬೆಳಿಗ್ಗೆ ಚಪ್ಪಡಿ ತೆಗೆದು ಹಗಲೆಲ್ಲ ಬಿಡುವುದು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ ನೋಡುವುದು. ಮೊಮ್ಮಗ ಅವಸರ ಮಾಡುತ್ತಿದ್ದ.

‘ಮುತ್ಯಾ, ಈಗ ಇಳೀಲೇನು?’

‘ತಡಿಯೋ ತಮ್ಮಾ. ಅದರ ಉಸುರು ಹೊರಗ ಹೋಗಲಿ, ನಮ್ಮ ಉಸುರು ಒಳಗ ಹೋಗಲಿ. ಆಮ್ಯಾಲ ಇಳಿ.’

ಅಂಥ ಮುತ್ಯಾಗಳು ಅನಿಲಗಳ ಹೆಸರನ್ನು ಕಲಿತವರಲ್ಲ. ಆದರೆ ಸೀಮೆ ತೆರೆದ ಮಾತ್ರಕ್ಕೆ ಒಳಗೂ ಹೊರಗೂ ಒಂದಾಗುವುದಿಲ್ಲ, ಅದಕ್ಕೆ ಸಮಯ ಬೇಕು ಎಂಬುದನ್ನು ಬಲ್ಲವರು. ಕಂದೀಲಿನ ಪರೀಕ್ಷೆಯೂ ಪೂರ್ತಿ ನಂಬತಕ್ಕದ್ದಲ್ಲ. ಆಮ್ಲಜನಕ 16 ಪ್ರತಿಶತದ ಹತ್ತಿರ ಇಳಿದಾಗ ದೀಪ ಆರುತ್ತದೆ, ನಿಜ. ದೀಪ ಉರಿಯುತ್ತಿರುವಾಗಲೂ ಬೇರೆ ವಿಷಾನಿಲ ಇರಬಹುದು. ಹಗೇವುಗಳು ಹೋದರೂ ಪಾಳುಬಾವಿಗಳೂ ಸೆಪ್ಟಿಕ್ ಟ್ಯಾಂಕುಗಳೂ ಉಳಿದಿವೆ. ರಕ್ಷಣಾ ಸಾಧನವಿಲ್ಲದೆ ಸೆಪ್ಟಿಕ್ ಟ್ಯಾಂಕುಗಳಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯಿದೆ ಅಪರಾಧವೆಂದು ಹೇಳಿದೆ. ಆದರೂ ಇಳಿಸುವವರಿದ್ದಾರೆ, ಸಾಯುವವರಿದ್ದಾರೆ. ಮುಚ್ಚಿದ ವ್ಯವಸ್ಥೆ ಎಂಬ ಪದ ಪರೀಕ್ಷೆಯ ಐದು ಅಂಕದ ಪ್ರಶ್ನೆ ಮಾತ್ರವಲ್ಲ.

ಹಗೇವಿನ ಬಗ್ಗೆ ಇನ್ನೊಂದು ಸಂಗತಿ ಈ ಭಾಗದ ಒಕ್ಕಲಿಗರಿಗೆ ಗೊತ್ತಿತ್ತು: ಅದರ ಜೋಳ ಉಣ್ಣಲು ಸರಿ, ಬಿತ್ತಲು ಅಲ್ಲ. ವರ್ಷಗಟ್ಟಲೆ ಆ ಬಿಸುಪಿನಲ್ಲಿ, ಆ ತೇವದಲ್ಲಿ, ಗಾಳಿಯಿಲ್ಲದೆ ಇದ್ದ ಕಾಳು ಹಿಟ್ಟಾದೀತು, ಮೊಳೆಯುವುದು ಕಡಿಮೆ. ಕಾಳು ಕೆಡದಂತೆ ಇಟ್ಟ ಮುಚ್ಚಳವೇ ಅದರ ಮೊಳಕೆಯನ್ನು ಕೊಲ್ಲುತ್ತಿತ್ತು. ಬೀಜಕ್ಕೆ ಬೇರೆ ವ್ಯವಸ್ಥೆ ಇತ್ತು. ಅದಕ್ಕೆ ಬರುವ ಮೊದಲು ಶಾಸ್ತ್ರದ ಇನ್ನೊಂದು ಮಾತನ್ನು ನೋಡಬೇಕು.

1865ರಲ್ಲಿ ಜರ್ಮನಿಯ ರುಡಾಲ್ಫ್ ಕ್ಲಾಸಿಯಸ್ ‘ಎಂಟ್ರೊಪಿ’ ಎಂಬ ಪದವನ್ನು ಬಳಕೆಗೆ ತಂದನು. ಶಕ್ತಿ ನಾಶವಾಗದು, ಆದರೆ ಹಂಚಿಹೋಗುತ್ತದೆ. ಹಂಚಿಹೋದದ್ದು ತಾನಾಗಿ ಮರಳಿ ಕೂಡುವುದಿಲ್ಲ. ಬಿಸಿ ಚಹಾ ಕೋಣೆಯ ಗಾಳಿಗೆ ಉಷ್ಣ ಕೊಟ್ಟು ಆರುತ್ತದೆ. ಕೋಣೆಯ ಗಾಳಿ ಉಷ್ಣ ಕೂಡಿಸಿಕೊಟ್ಟು ಚಹಾ ಮತ್ತೆ ಬಿಸಿಯಾದದ್ದನ್ನು ಯಾರೂ ಕಂಡಿಲ್ಲ. ಈ ಹಂಚಿಕೆಯ ಅಳತೆಯೇ ಎಂಟ್ರೊಪಿ. ಪ್ರತ್ಯೇಕಿತ ವ್ಯವಸ್ಥೆಯಲ್ಲಿ ಅದು ಎಂದೂ ಇಳಿಯದು. ಒಳಗಿನ ಬಿಸಿ-ತಂಪು, ಎತ್ತರ-ತಗ್ಗು ಎಲ್ಲವೂ ಸಮವಾಗಿ, ಆಮೇಲೆ ಅಲ್ಲಿ ಏನೂ ಘಟಿಸದ ಸ್ಥಿತಿ ಬರುತ್ತದೆ. ಶಾಸ್ತ್ರ ಅದನ್ನು ಸಮತೋಲ ಎನ್ನುತ್ತದೆ. ಲೋಕದ ಮಾತಿನಲ್ಲಿ ಸಮತೋಲ ಒಳ್ಳೆಯ ಪದ. ಇಲ್ಲಿ ಮಾತ್ರ ಅದು ಆರಿದ ಒಲೆಯ ಬೂದಿ.

ಹಾಗಾದರೆ ಸಸಿ ಹೇಗೆ ಬೆಳೆಯುತ್ತದೆ, ಮಗು ಹೇಗೆ ಎತ್ತರವಾಗುತ್ತದೆ ಎಂಬ ಸಂದೇಹ ಸಹಜ. ಭೌತವಿಜ್ಞಾನಿ ಎರ್ವಿನ್ ಶ್ರೋಡಿಂಗರ್ 1944ರಲ್ಲಿ ಬದುಕು ಎಂದರೇನು ಎಂಬ ಪ್ರಶ್ನೆಯನ್ನೇ ಹೆಸರಾಗಿಟ್ಟು ಬರೆದ ಚಿಕ್ಕ ಪುಸ್ತಕದಲ್ಲಿ ಇದನ್ನು ಎತ್ತಿಕೊಂಡನು. ಮುಂದೆ ಇಲ್ಯಾ ಪ್ರಿಗೋಜಿನ್ ಸಮತೋಲದಿಂದ ದೂರವಿರುವ ತೆರೆದ ವ್ಯವಸ್ಥೆಗಳನ್ನು ಅಧ್ಯಯನ ಮಾಡಿ 1977ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದನು. ಅವರ ಉತ್ತರದ ಸಾರ ಇಷ್ಟು: ಜೀವವು ತೆರೆದ ವ್ಯವಸ್ಥೆ. ಅದು ಆಹಾರ, ಬೆಳಕು, ಗಾಳಿಯನ್ನು ಒಳಗೆ ತೆಗೆದುಕೊಳ್ಳುತ್ತದೆ, ಉಷ್ಣವನ್ನೂ ಕಸವನ್ನೂ ಹೊರಗೆ ಕಳಿಸುತ್ತದೆ. ಒಳಗಿನ ಕ್ರಮಕ್ಕೆ ಬೇಕಾದ ಬೆಲೆಯನ್ನು ಹೊರಗೆ ತೆರುತ್ತದೆ. ದೀಪದ ಕುಡಿಯನ್ನೇ ನೋಡಬಹುದು. ಕ್ಷಣಕ್ಷಣಕ್ಕೂ ಹೊಸ ಎಣ್ಣೆ ಬತ್ತಿಯ ಮೇಲೇರುತ್ತದೆ, ಹಳೆಯದು ಹೊಗೆಯಾಗಿ ಹೋಗುತ್ತದೆ. ಆಕಾರ ಮಾತ್ರ ಅದೇ. ಒಳಬರುವುದನ್ನು ನಿಲ್ಲಿಸಿದರೂ, ಹೊರಹೋಗುವುದನ್ನು ನಿಲ್ಲಿಸಿದರೂ ದೀಪ ಆರುತ್ತದೆ.

ಗೆರೆ ಎಲ್ಲಿ ಎಳೆದರೆ ಲೆಕ್ಕ ಹೇಗೆ ಬದಲಾಗುತ್ತದೆ ಎಂಬುದನ್ನು ಈ ಭಾಗದ ಜನ ನೀರಿನಲ್ಲಿ ಕಂಡಿದ್ದಾರೆ. ಈ ಮೂರು ತಾಲೂಕುಗಳ ಮಳೆ ಎರಡು ದಾರಿ ಹಿಡಿಯುತ್ತದೆ. ನಿಲಂಗಾದ ನೀರು ತೇರಣಾ, ಮಾಂಜರಾಗಳಲ್ಲಿ ಸೇರಿ, ಬೀದರ್ ಜಿಲ್ಲೆಯನ್ನು ಹಾಯ್ದು ಗೋದಾವರಿಗೆ ಹೋಗುತ್ತದೆ. ಉದಗೀರದ ನೀರೂ ಗೋದಾವರಿಯ ಪಾಲೇ. ಉಮರ್ಗಾ ಕಡೆಯ ಬೆಣ್ಣೆತೊರೆ ಕಾಗಿಣಾ, ಭೀಮಾಗಳ ಮೂಲಕ ಕೃಷ್ಣೆಯನ್ನು ಸೇರುತ್ತದೆ. 2016ರಲ್ಲಿ ಮಾಂಜರಾ ಜಲಾಶಯ ಬತ್ತಿ ಲಾತೂರು ನಗರ ಬಾಯಾರಿದಾಗ, ಮಾರ್ಚ್ ತಿಂಗಳಲ್ಲಿ ನೀರಿನ ಟಾಕಿಗಳ ಸುತ್ತ ದಂಡ ಪ್ರಕ್ರಿಯಾ ಸಂಹಿತೆಯ 144ನೆಯ ಕಲಮಿನಡಿ ನಿಷೇಧಾಜ್ಞೆ ಬಂತು. ಏಪ್ರಿಲ್ 12ರಂದು ಮಿರಜದಿಂದ ಹತ್ತು ವ್ಯಾಗನ್‌ಗಳ ರೈಲು ಐದು ಲಕ್ಷ ಲೀಟರ್ ನೀರು ಹೊತ್ತು ಬಂತು. ಮುಂದೆ ಐವತ್ತು ವ್ಯಾಗನ್‌ಗಳ ರೈಲುಗಳು 25 ಲಕ್ಷ ಲೀಟರ್‌ನಂತೆ ತಂದವು. ಕೃಷ್ಣೆಯ ನೀರು ಗೋದಾವರಿಯ ಕೊಳ್ಳಕ್ಕೆ ಹಳಿಗಳ ಮೇಲೆ ದಾಟಿತು.

ಜಲಾಶಯದ ಸುತ್ತ ಮಾತ್ರ ಗೆರೆ ಎಳೆದು ನೋಡಿದರೆ ಕಾರಣ ಒಂದೇ: ಮಳೆ ಬರಲಿಲ್ಲ. ಗೆರೆಯನ್ನು ಜಿಲ್ಲೆಯ ಸುತ್ತ ಎಳೆದರೆ ಬೇರೆ ಕಲಮುಗಳೂ ಕಾಣುತ್ತವೆ. ಒಂದು ಕಿಲೋ ಸಕ್ಕರೆಗೆ ಸುಮಾರು ಎರಡು ಸಾವಿರ ಲೀಟರ್ ನೀರು ಬೇಕು. ಅದರ ಬಹುಪಾಲು ಕಬ್ಬಿನ ಎಲೆಗಳಿಂದ ಆವಿಯಾಗಿ ಹೋಗುತ್ತದೆ, ಸಕ್ಕರೆ ಚೀಲದಲ್ಲಿ ಹೊರಗೆ ಹೋಗುತ್ತದೆ, ಕೊಳವೆಬಾವಿ ಕೆಳಕೆಳಗೆ ಇಳಿಯುತ್ತದೆ. ಬೆಲ್ಲದ ಕಡಾಯಿಯ ಲೆಕ್ಕವೇ ಇದು, ಕಡಾಯಿ ಮಾತ್ರ ಒಂದು ಜಿಲ್ಲೆಯಷ್ಟು ದೊಡ್ಡದು. ಇನ್ನೂ ಹೊರಗೆ ಹೋಗಿ ಇಡೀ ಭೂಮಿಯ ಸುತ್ತ ಗೆರೆ ಎಳೆದರೆ ಒಂದು ಹನಿಯೂ ಕಳೆದಿಲ್ಲ ಎನ್ನಬಹುದು. ಭೂಮಿ ಹೆಚ್ಚುಕಡಿಮೆ ಮುಚ್ಚಿದ ವ್ಯವಸ್ಥೆ: ಸೂರ್ಯನ ಬೆಳಕು ಬರುತ್ತದೆ, ಉಷ್ಣ ಹೋಗುತ್ತದೆ, ದ್ರವ್ಯ ಬಹುಪಾಲು ಇಲ್ಲಿಯೇ ಇದೆ. ಆ ಮಾತು ನಿಜ. ಆದರೆ ಕೊಡ ಹಿಡಿದು ಸಾಲಿನಲ್ಲಿ ನಿಂತ ಹೆಣ್ಣುಮಗಳಿಗೆ ಅದರಿಂದ ಏನೂ ಸಿಗದು. ದೊಡ್ಡ ಗೆರೆಯ ಸಮಾಧಾನವನ್ನು ಸಣ್ಣ ಗೆರೆಯೊಳಗಿನ ಬಾಯಾರಿಕೆಗೆ ಉತ್ತರವಾಗಿ ಕೊಡುವುದು ಲೆಕ್ಕದ ಮೋಸ. ಯಾರಾದರೂ ಏನೂ ನಷ್ಟವಾಗಿಲ್ಲ ಎಂದಾಗ, ಯಾವ ಚೆಕ್ಕುಬಂದಿಯೊಳಗೆ ಎಂದು ಕೇಳಬೇಕು.

ಈ ಪ್ರಶ್ನೆಯನ್ನು ಇಲ್ಲಿಯ ಕನ್ನಡಿಗರು ನೀರಿಗಷ್ಟೇ ಅಲ್ಲದೆ ಇನ್ನೊಂದಕ್ಕೂ ಕೇಳಿಕೊಳ್ಳಬೇಕಾಗಿದೆ. ಉದಗೀರ, ನಿಲಂಗಾ ತಾಲೂಕುಗಳು ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿದ್ದವು. ಉಮರ್ಗಾ ಆಗಲೇ ಉಸ್ಮಾನಾಬಾದಿನ ಭಾಗ. 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆ ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳನ್ನು ಬೀದರಿನಿಂದ ಬಿಡಿಸಿ ಮುಂಬಯಿ ರಾಜ್ಯಕ್ಕೆ ಸೇರಿಸಿತು, ಉಳಿದ ಬೀದರಿನ ಬಹುಭಾಗ ಮೈಸೂರಿಗೆ ಹೋಯಿತು. ನವೆಂಬರ್ 1ರಂದು ಗೆರೆ ಜಾರಿಗೆ ಬಂತು. ಒಂದೇ ಮನೆಯ ಅಕ್ಕ ಗೆರೆಯ ಆಚೆ, ತಂಗಿ ಈಚೆ. ಬಂಧುತ್ವ, ಜಾತ್ರೆ, ಜೋಳದ ಚೀಲ, ಹೋರಿ, ಹಾಡು ಎಲ್ಲವೂ ದಾಟುತ್ತಲೇ ಇದ್ದವು. ಮುಚ್ಚಿದ ವ್ಯವಸ್ಥೆಯನ್ನು ಯಾರೂ ಬಯಸಿರಲಿಲ್ಲ. ಅದೇ ದಿನ ಜಾರಿಗೆ ಬಂದ ಸಂವಿಧಾನದ ಏಳನೆಯ ತಿದ್ದುಪಡಿ ಗೆರೆಗೆ ಕಿಟಕಿಗಳನ್ನೂ ಇಟ್ಟಿತು. 350-ಎ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಒದಗಿಸಲು ಪ್ರತಿ ರಾಜ್ಯವೂ, ಪ್ರತಿ ಸ್ಥಳೀಯ ಸಂಸ್ಥೆಯೂ ಯತ್ನಿಸಬೇಕು; 350-ಬಿ ವಿಧಿಯಂತೆ ಇದನ್ನು ನೋಡಿಕೊಳ್ಳಲು ಒಬ್ಬ ವಿಶೇಷಾಧಿಕಾರಿ ಇರಬೇಕು. ಗೋಡೆ ಎಬ್ಬಿಸಿದವರಿಗೇ ಗಾಳಿಯ ಅಗತ್ಯ ತಿಳಿದಿತ್ತು.

ಭಾಷೆ ಸೀಮೆ ದಾಟುವಾಗ ಏನಾಗುತ್ತದೆ ಎಂಬುದು ತಾಲೂಕಿನ ನ್ಯಾಯಾಲಯಗಳಲ್ಲಿ ಕಾಣುತ್ತದೆ. ಹಳೆಯ ಕಡತದಲ್ಲಿ ನಿಜಾಮನ ಕಾಲದ ಉರ್ದು ಕಾಗದ, 1954-55ರ ಖಾಸ್ರಾ ಪಾಹಣಿ, ಮರಾಠಿಯ ಸಾತ್-ಬಾರಾ ಉತಾರ, ಇಂಗ್ಲಿಷಿನ ಅಪೀಲು ಒಂದರ ಮೇಲೊಂದು ಇರುತ್ತವೆ. ಕಟಕಟೆಯಲ್ಲಿ ನಿಂತ ಅಜ್ಜಿ ಮಾತನಾಡುವುದು ಕನ್ನಡ. ‘ಆ ಹೊಲ ನಮ್ಮವರು ಪಾಲಿಗೆ ಮಾಡ್ತಿದ್ರು’ ಎಂದು ಅವಳು ಹೇಳಿದ್ದು ಮರಾಠಿಯಲ್ಲಿ ದಾಖಲಾಗಬೇಕು. ‘ಕೂಳ’ ಎಂದು ಬರೆದರೆ ಅವಳ ಮನೆಯವರು 1950ರ ಹೈದರಾಬಾದ್ ಗೇಣಿ ಮತ್ತು ಕೃಷಿ ಜಮೀನುಗಳ ಅಧಿನಿಯಮದ ರಕ್ಷಣೆ ಕೇಳಬಲ್ಲ ಗೇಣಿದಾರರು. ‘ಮಜೂರ’ ಎಂದು ಬರೆದರೆ ದಿನಗೂಲಿಯವರು. ಒಂದು ಪದ ಗೆರೆ ದಾಟುವಾಗ ನಾಲ್ಕು ಎಕರೆ ಕೈತಪ್ಪಬಹುದು. ಉಷ್ಣವು ಗೋಡೆ ದಾಟುವಾಗಲೂ ಹೀಗೆಯೇ; ದಾಟಿದಷ್ಟೆಲ್ಲ ಕೆಲಸಕ್ಕೆ ಬರುವುದಿಲ್ಲ, ಒಂದು ಪಾಲು ವ್ಯರ್ಥವಾಗಿಯೇ ಆಗುತ್ತದೆ. ದಾಟಿಸುವವನು ಎರಡೂ ದಡವನ್ನು ಬಲ್ಲವನಾದರೆ ವ್ಯರ್ಥವಾಗುವುದು ಕಡಿಮೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಭಾಷೆ ಅನಿಲವಲ್ಲ, ಜನ ಕಾಳಲ್ಲ. ಉಷ್ಣಗತಿಶಾಸ್ತ್ರದ ನಿಯಮದಿಂದ ಒಂದು ನುಡಿಯ ಆಯುಷ್ಯವನ್ನು ಸಾಧಿಸಿ ತೋರಿಸಲು ಬಾರದು. ಸಾಮ್ಯವು ಸಾಕ್ಷ್ಯವಲ್ಲ. ಆದರೆ ಸಾಮ್ಯ ಒಳ್ಳೆಯ ಪ್ರಶ್ನೆ ಕೇಳಲು ನೆರವಾಗುತ್ತದೆ. ಕನ್ನಡಕ್ಕೆ ಈ ಗಡಿಯಲ್ಲಿ ಎಂಥ ಸೀಮೆ ಬೇಕು ಎಂಬುದು ಅಂಥ ಪ್ರಶ್ನೆ.

ಒಂದು ಉತ್ತರ ಹಗೇವಿನದು. ಬಾಗಿಲು ಹಾಕಿ, ಮನೆಯೊಳಗಿನ ನಾಲ್ಕು ಮಾತನ್ನು, ಹಬ್ಬದ ಹಾಡನ್ನು, ಹಳೆಯ ಪುಸ್ತಕವನ್ನು ಜೋಪಾನ ಮಾಡುವುದು. ಇದನ್ನು ಹಳಿಯುವಂತಿಲ್ಲ, ಕೆಟ್ಟ ವರ್ಷಗಳನ್ನು ಮನೆತನಗಳು ಹೀಗೆಯೇ ದಾಟಿವೆ. ಇನ್ನೊಂದು ಉತ್ತರ ಗೆರೆಯನ್ನೇ ಅಳಿಸುವುದು: ಶಾಲೆ, ಬಜಾರು, ಕಚೇರಿ ಎಲ್ಲವೂ ಒಂದೇ ನುಡಿಯಲ್ಲಿರುವಾಗ ಮನೆಯೂ ಅದರಲ್ಲಿಯೇ ಇರಲಿ ಎನ್ನುವುದು. ಅದು ಆರಿದ ಚಹಾದ ಸಮತೋಲ. ಇವೆರಡರ ನಡುವೆ ಹರವಿಯ ದಾರಿ ಇದೆ. ಹರವಿಗೆ ಗೋಡೆ ಇದೆ, ಆದ್ದರಿಂದ ನೀರು ನಿಲ್ಲುತ್ತದೆ. ಗೋಡೆ ಉಸಿರಾಡುತ್ತದೆ, ಆದ್ದರಿಂದ ತಂಪಾಗುತ್ತದೆ. ಈ ಭಾಗದ ನುಡಿಗಳು ಹಿಂದಿನಿಂದಲೂ ಹೀಗೆಯೇ ಬಾಳಿವೆ. ಮರಾಠಿಗೆ ಅಕ್ಕ, ಅಣ್ಣ, ತೂಪ, ಅಡಕಿತ್ತಾ ಕನ್ನಡದಿಂದ ಹೋಗಿವೆ. ಇಲ್ಲಿಯ ಕನ್ನಡಕ್ಕೆ ಚೌಕಶಿ, ಗಡಿಬಿಡಿ ಆ ಕಡೆಯಿಂದ ಬಂದಿವೆ. 2022ರ ಏಪ್ರಿಲ್‌ನಲ್ಲಿ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನದ 95ನೆಯ ಅಧಿವೇಶನ ಉದಗೀರದಲ್ಲಿ ನಡೆಯಿತು. ಮನೆಯಲ್ಲಿ ಕನ್ನಡವಾಡುವವರಿಗೂ ಅದು ತಮ್ಮ ಊರಿನ ಸಂಭ್ರಮವೇ. ನೆರೆಯವರ ಮಾತು ಕಲಿತದ್ದರಿಂದ ಯಾರ ಕನ್ನಡವೂ ಸವೆದಿಲ್ಲ. ತಮ್ಮ ಮಾತನ್ನು ಮಕ್ಕಳೊಡನೆ ಆಡುವುದನ್ನು ಬಿಟ್ಟಲ್ಲಿ ಮಾತ್ರ ಸವೆದಿದೆ.

ತೆರೆದಿರುವುದು ಖರ್ಚಿನ ಕೆಲಸ. ದೀಪಕ್ಕೆ ಎಣ್ಣೆ ಬೇಕಾದಂತೆ ಶಾಲೆಗೆ ಶಿಕ್ಷಕ ಬೇಕು, ಶಿಕ್ಷಕನಿಗೆ ಪಠ್ಯಪುಸ್ತಕ ವೇಳೆಗೆ ಬರಬೇಕು, ಓದಿದ ಮಗುವಿಗೆ ಓದಲು ಮತ್ತೇನಾದರೂ ಇರಬೇಕು, ಅರ್ಜಿ ಬರೆದರೆ ಉತ್ತರ ಬರಬೇಕು. ಸಂವಿಧಾನದ 350ನೆಯ ವಿಧಿ ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಕೊಟ್ಟಿದೆ. ಆ ಹಕ್ಕನ್ನು ಬಳಸಿ ಕನ್ನಡದಲ್ಲಿ ಒಂದು ಅರ್ಜಿ ಬರೆದವರು ಎಷ್ಟು ಜನ ಎಂದು ಪ್ರತಿಯೊಂದು ಊರೂ ತನ್ನನ್ನೇ ಕೇಳಿಕೊಳ್ಳಬಹುದು. ಕಿಟಕಿ ಇಟ್ಟವರು ಇಟ್ಟು ಹೋದರು; ತೆರೆಯುವ ಕೈ ಒಳಗಿನವರದು.

ಬೀಜದ ವ್ಯವಸ್ಥೆಯ ಮಾತು ಉಳಿದಿದೆ. ಸುಗ್ಗಿಯಲ್ಲಿ ಹೊಲವನ್ನೆಲ್ಲ ತಿರುಗಿ, ತುಂಬಿದ ತೆನೆಗಳನ್ನು ಆರಿಸಿ, ರಾಶಿಯಲ್ಲಿ ಬೆರೆಸದೆ ಬೇರೆ ತೆಗೆದು, ಮನೆಯ ಜಂತಿಗೆ ಕಟ್ಟಿ ತೂಗುಹಾಕುತ್ತಿದ್ದರು. ಅಲ್ಲಿ ಗಾಳಿಯಾಡುತ್ತಿತ್ತು, ಒಲೆಯ ಹೊಗೆ ತಾಗುತ್ತಿತ್ತು. ಇಲಿ ಒಂದಿಷ್ಟು ತಿನ್ನುತ್ತಿತ್ತು, ಗುಬ್ಬಿ ಒಂದಿಷ್ಟು ಉದುರಿಸುತ್ತಿತ್ತು; ಮನೆಯ ಹೆಂಗಸರು ವರ್ಷವಿಡೀ ಅದರ ಮೇಲೊಂದು ಕಣ್ಣಿಡಬೇಕಾಗಿತ್ತು. ಹಗೇವಿನಂತೆ ಮುಚ್ಚಿ ಮರೆತುಬಿಡುವ ಅನುಕೂಲ ಅದಕ್ಕಿರಲಿಲ್ಲ. ಆದರೆ ಹಿಂಗಾರಿಯ ಹಸಿ ನೆಲಕ್ಕೆ ಕೂರಿಗೆ ಹೂಡುವ ದಿನ, ಹಗೇವಿನಲ್ಲಿ ಎಷ್ಟು ಚೀಲ ಇದೆಯೆಂದು ಯಾರೂ ಕೇಳುತ್ತಿರಲಿಲ್ಲ. ಜಂತಿಯ ತೆನೆ ಇಳಿಸಿ ಕೊಡಿ ಎನ್ನುತ್ತಿದ್ದರು.